ರೋಗಿಯ ಮಗ್ಗುಲಲ್ಲಿ ನಿಲ್ಲುವವರ ಆಯ್ಕೆ ಮತ್ತು ಆಚಾರ: ಒಂದು ಚಾರಿತ್ರಿಕ ಸಮೀಕ್ಷೆ

ಭೀಮಾನದಿಯ ತೀರದಲ್ಲಿರುವ ಘತ್ತರಗಿಯ ಹೆಸರನ್ನು ಕೇಳಿದೊಡನೆ ಸದ್ಭಕ್ತರಿಗೆ ನೆನಪಾಗುವುದು ಭಾಗ್ಯವಂತಿ ದೇವಿಯ ಸನ್ನಿಧಿ. ತಮ್ಮ ಮತ್ತು ತಮ್ಮವರ ಆರೋಗ್ಯಕ್ಕಾಗಿ ಹರಕೆ ಹೊತ್ತು ಅಲ್ಲಿಗೆ ಬರುವವರು ಬಹಳ. ಅದೇ ಊರಿನಿಂದ, ಅದರ ಸುತ್ತಲಿನ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಇಂದು ಇನ್ನೊಂದು ಪಯಣವೂ ನಡೆದಿದೆ. ಶುಶ್ರೂಷೆ, ಪ್ರಯೋಗಶಾಲೆ, ಔಷಧ ವಿತರಣೆ ಮೊದಲಾದ ವಿದ್ಯೆಗಳನ್ನು ಕಲಿತ ತರುಣ ತರುಣಿಯರು ಪ್ರಮಾಣಪತ್ರಗಳ ಚೀಲವನ್ನು ಹಿಡಿದು, ಮುಂಜಾನೆಯ ಬಸ್ಸು ಹತ್ತಿ, ಕಲಬುರಗಿಗೋ ಸೊಲ್ಲಾಪುರಕ್ಕೋ ಪುಣೆಗೋ ಬೆಂಗಳೂರಿಗೋ ಸಂದರ್ಶನಕ್ಕೆಂದು ಹೋಗುತ್ತಿದ್ದಾರೆ. ಅವರ ಮನಸ್ಸಿನಲ್ಲಿರುವ ಅಳುಕು ಒಂದೇ ಬಗೆಯದು: ಅಲ್ಲಿ ಏನು ಕೇಳುವರು? ಹೇಗೆ ಉತ್ತರಿಸಬೇಕು? ನಮ್ಮ ಹಳ್ಳಿಯ ಮಾತು ಕೇಳಿ ನಗಲಾರರೇ?

ವಾಚಕರೇ, ನಿಮ್ಮಲ್ಲಿ ಕೆಲವರು ಇಂಥ ಮಕ್ಕಳ ತಂದೆತಾಯಿಗಳು. ಮಠದ ಪ್ರಸಾದನಿಲಯದಲ್ಲಿ ಓದಿ ಈಗ ದೊಡ್ಡ ಹುದ್ದೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕುಳಿತಿರುವವರೂ ಹೌದು. ಆದುದರಿಂದ ಈ ವಿಷಯವನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಉಭಯರಿಗೂ ಹಿತಕರವೆಂದು ಭಾವಿಸಿದ್ದೇವೆ. ರೋಗಿಯನ್ನು ಉಪಚರಿಸುವವರನ್ನು ಬೇರೆ ಬೇರೆ ಕಾಲಗಳಲ್ಲಿ ಹೇಗೆ ಆರಿಸಿದರು, ಅವರಿಂದ ಯಾವ ನಡತೆಯನ್ನು ಬಯಸಿದರು, ಏಕೆ ಬಯಸಿದರು ಎಂಬುದನ್ನು ಅರಿತರೆ ಸಂದರ್ಶನದ ಭಯ ಅರ್ಧ ಕಳೆಯುತ್ತದೆ. ಪ್ರಶ್ನೆಗಳ ಮಾತು ಬದಲಾದರೂ ಅವುಗಳ ಒಳಗಿರುವ ಪ್ರಶ್ನೆ ಎರಡು ಸಾವಿರ ವರ್ಷಗಳಿಂದ ಒಂದೇ ಆಗಿ ಉಳಿದಿದೆ. ಬಾಯಿಬಿಟ್ಟು ದೂರಲಾರದ ರೋಗಿಯನ್ನು, ಯಾರೂ ನೋಡದ ಹೊತ್ತಿನಲ್ಲಿ, ಇವರ ಕೈಗೆ ಒಪ್ಪಿಸಬಹುದೇ ಎಂಬುದೇ ಆ ಪ್ರಶ್ನೆ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರದಿಂದಲೇ ಆರಂಭಿಸೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧ, ಉಪಚಾರಕ ಮತ್ತು ರೋಗಿ ಎಂಬವೇ ಆ ನಾಲ್ಕು. ಮಂಚಕ್ಕೆ ನಾಲ್ಕು ಕಾಲುಗಳಿರುವಂತೆ ಇವು. ಒಂದು ಕುಂದಿದರೂ ಮಂಚ ನಿಲ್ಲದು. ಉಪಚಾರಕನನ್ನು ವೈದ್ಯನ ಆಳೆಂದು ಎಣಿಸದೆ ಚಿಕಿತ್ಸೆಯ ಒಂದು ಪಾದವೆಂದೇ ಗಣಿಸಿದ್ದು ಗಮನಾರ್ಹ. ಅವನಲ್ಲಿ ಇರಬೇಕಾದ ನಾಲ್ಕು ಗುಣಗಳನ್ನೂ ಚರಕಾಚಾರ್ಯರು ಎಣಿಸಿದ್ದಾರೆ: ಉಪಚಾರದ ತಿಳಿವಳಿಕೆ, ಕೈಚಳಕ, ಅನುರಾಗ, ಶುಚಿತ್ವ. ಸುಶ್ರುತ ಸಂಹಿತೆ ಈ ಪಟ್ಟಿಯನ್ನು ಇನ್ನಷ್ಟು ವಿಸ್ತರಿಸುತ್ತದೆ. ಪರಿಚಾರಕನು ಸ್ನೇಹಶೀಲನಾಗಿರಬೇಕು, ಅಸಹ್ಯಪಡದವನಾಗಿರಬೇಕು, ದೇಹಬಲವುಳ್ಳವನಾಗಿರಬೇಕು, ರೋಗಿಯ ರಕ್ಷಣೆಯಲ್ಲಿ ಮನಸ್ಸಿಟ್ಟವನಾಗಿರಬೇಕು, ವೈದ್ಯನ ಮಾತನ್ನು ನಡೆಸುವವನಾಗಿರಬೇಕು, ದಣಿವರಿಯದವನಾಗಿರಬೇಕು.

ಇವುಗಳಲ್ಲಿ ಅಸಹ್ಯಪಡದಿರುವುದು ಎಂಬ ಒಂದು ಗುಣದ ಮೇಲೆ ವಾಚಕರು ಸ್ವಲ್ಪ ನಿಲ್ಲಬೇಕು. ಹುಣ್ಣಿನ ಕೀವು, ವಾಂತಿ, ಮಲಮೂತ್ರಗಳ ಎದುರು ಮುಖ ಸಿಂಡರಿಸದವನೇ ಉಪಚಾರಕನೆಂದು ಶಾಸ್ತ್ರ ಹೇಳಿತು. ಆದರೆ ಸಮಾಜ ಬೇರೊಂದು ದಾರಿ ಹಿಡಿಯಿತು. ದೇಹದ ಮಲಿನವನ್ನು ಮುಟ್ಟುವ ಕೆಲಸವನ್ನೇ ಮಲಿನವೆಂದು ಬಗೆಯಿತು. ಅದನ್ನು ಕೆಲವು ಜಾತಿಗಳ ಪಾಲಿಗೆ ಕಟ್ಟಿತು. ಮಾಡಿಸಿಕೊಂಡವರೇ ಮಾಡಿದವರನ್ನು ಅಂಗಳದಲ್ಲಿ ನಿಲ್ಲಿಸಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಮಗುವಿನ ಪ್ರಾಣವನ್ನೇ ಕೈಯಲ್ಲಿ ಹಿಡಿದ ಸೂಲಗಿತ್ತಿಗೆ ಒಂದು ಸೀರೆ, ಕಣ, ನಾಲ್ಕು ಸೇರು ಜೋಳ ಕೊಟ್ಟು ಕಳಿಸಿದ ಮನೆಗಳೆಷ್ಟೋ! ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದವರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಂತೆ ಶಾಂತರಾಗಿ ಜಗತ್ತನ್ನು ಬಿಟ್ಟರು. ಅವರನ್ನು ಯಾವ ಮಂಡಳಿಯೂ ಸಂದರ್ಶಿಸಿರಲಿಲ್ಲ. ಆದರೆ ಸುಶ್ರುತರು ಹೇಳಿದ ಗುಣಗಳಲ್ಲಿ ಯಾವುದು ಅವರಲ್ಲಿ ಕಡಿಮೆಯಿತ್ತು?

ಮಠಗಳಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವು ಅದು ವಿದ್ಯಾಸ್ಥಾನವಾಗಿದ್ದುದನ್ನು ಹೇಳುವುದರ ಜೊತೆಗೆ ಕುರುಡರು, ಕುಂಟರು, ಕಿವುಡರು, ದೀನರು, ಅನಾಥರಿಗೆ ಅನ್ನವಿಕ್ಕುವ ತಾಣವೆಂದೂ, ಗತಿಯಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ತಾಣವೆಂದೂ ಹೇಳುತ್ತದೆ. ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕದ ಗೌರವವನ್ನು ಸಾರುತ್ತಿದ್ದ ಕಾಲವೇ ಅದು. ಒಂದು ಕಾಯಕ ಮೇಲು, ಇನ್ನೊಂದು ಕೀಳು ಎಂಬ ಎಣಿಕೆಯನ್ನು ಅವರು ಒಪ್ಪಲಿಲ್ಲ. ಆ ಮಾತನ್ನು ನಾವು ನಿಜವಾಗಿ ನಡೆಸಿದ್ದರೆ ಶುಶ್ರೂಷೆಯ ವೃತ್ತಿಗೆ ಮಗಳನ್ನು ಕಳಿಸಲು ನಮ್ಮ ಮನೆಗಳು ಇಷ್ಟು ತಲೆಮಾರು ಹಿಂಜರಿಯುತ್ತಿರಲಿಲ್ಲ. ಆಧುನಿಕ ಆಸ್ಪತ್ರೆಗಳು ಬಂದಾಗ ಈ ವೃತ್ತಿಗೆ ಮೊದಲು ಧೈರ್ಯದಿಂದ ಮುಂದೆ ಬಂದವರಲ್ಲಿ ಕ್ರೈಸ್ತ ಕುಟುಂಬಗಳ ಹಾಗೂ ಹಿಂದುಳಿಸಲ್ಪಟ್ಟ ಜನಾಂಗಗಳ ಹೆಣ್ಣುಮಕ್ಕಳೇ ಹೆಚ್ಚು. ಇಂದು ಎಲ್ಲ ಮನೆಗಳ ಮಕ್ಕಳೂ ನಡೆಯುತ್ತಿರುವ ದಾರಿಯನ್ನು ತುಳಿದು ಹಸನು ಮಾಡಿದವರು ಅವರು. ಅವರ ಋಣವನ್ನು ನೆನೆಯುವುದು ನಮ್ಮ ಕರ್ತವ್ಯ.

ಈಗ ಪಾಶ್ಚಾತ್ಯ ದೇಶದತ್ತ ದೃಷ್ಟಿ ಹರಿಸೋಣ; ಇಂದಿನ ಆಸ್ಪತ್ರೆಯ ಆಯ್ಕೆಯ ಕ್ರಮ ಹುಟ್ಟಿದ್ದು ಅಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಇಂಗ್ಲೆಂಡಿನಲ್ಲಿಯೂ ಆಸ್ಪತ್ರೆಯ ದಾದಿಯ ಕೆಲಸಕ್ಕೆ ಗೌರವವಿರಲಿಲ್ಲ. ಬೇರೆ ಕೆಲಸ ಸಿಗದವರು ಮಾಡುವ ಕೆಲಸವದು. ಕುಡಿತದ ಅಪವಾದ ಬೇರೆ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೊರಟ ಫ್ಲಾರೆನ್ಸ್ ನೈಟಿಂಗೇಲರ ತಂಡಕ್ಕಾಗಿ ಲಂಡನ್ನಿನಲ್ಲಿ ಅರ್ಜಿದಾರರನ್ನು ಕರೆದು ವಿಚಾರಿಸಿದಾಗ ಯೋಗ್ಯರಾದವರು ಸಿಗುವುದೇ ಕಷ್ಟವಾಯಿತು. ಕೊನೆಗೆ 38 ಮಂದಿಯ ತಂಡ ಸಿದ್ಧವಾಯಿತು. ಅವರಲ್ಲಿ 24 ಮಂದಿ ಧಾರ್ಮಿಕ ಸಂಸ್ಥೆಗಳ ಸೋದರಿಯರು, 14 ಮಂದಿ ಆಸ್ಪತ್ರೆಯ ದಾದಿಯರು. 1854ರ ನವೆಂಬರ್ 4ರಂದು ಈ ತಂಡ ಸ್ಕುಟಾರಿಯ ಆಸ್ಪತ್ರೆಯನ್ನು ತಲುಪಿತು.

ಯುದ್ಧದಿಂದ ಹಿಂದಿರುಗಿದ ಬಳಿಕ ಜನರು ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ದಾದಿಯರ ಶಿಕ್ಷಣಶಾಲೆಯನ್ನು ತೆರೆಯಿಸಿದರು. ಅಲ್ಲಿ ಕಲಿಯುವ ಪ್ರತಿಯೊಬ್ಬಳ ಬಗೆಗೂ ತಿಂಗಳಿಗೊಮ್ಮೆ ಒಂದು ಪತ್ರಿಕೆ ತುಂಬುವ ಪದ್ಧತಿಯಿತ್ತು. ಗಾಯ ಕಟ್ಟುವುದು, ಹಾಸಿಗೆ ಹಾಸುವುದು ಮುಂತಾದ ಕೆಲಸದ ಕುಶಲತೆಯ ಅಂಕಣಗಳು ಒಂದು ಕಡೆ. ನಡತೆಯ ಅಂಕಣಗಳು ಇನ್ನೊಂದು ಕಡೆ. ಸಮಯಪಾಲನೆ, ಶಾಂತತೆ, ನಂಬಿಕೆಗೆ ಅರ್ಹತೆ, ಮೈಬಟ್ಟೆಯ ಅಚ್ಚುಕಟ್ಟು, ವಾರ್ಡಿನ ವ್ಯವಸ್ಥೆ ಎಂಬವು ಆ ಅಂಕಣಗಳು. ಚರಕರ ಶುಚಿತ್ವ ಮತ್ತು ಕೈಚಳಕ, ಸುಶ್ರುತರ ರೋಗಿರಕ್ಷಣೆ ಇವೆಲ್ಲ ಬೇರೆ ಹೆಸರಿನಲ್ಲಿ ಇಲ್ಲಿ ಮರಳಿ ಬಂದಿರುವುದನ್ನು ವಾಚಕರು ಕಾಣಬಹುದು. ಈ ಅಂಕಣಗಳಲ್ಲಿ ಮನೆತನವಿಲ್ಲ, ಮೈಬಣ್ಣವಿಲ್ಲ, ಮಾತಿನ ಬೆಡಗೂ ಇಲ್ಲ.

ಆದರೆ ಅಂಕಣದಲ್ಲಿ ಇಲ್ಲದ್ದು ಆರಿಸುವವರ ಮನಸ್ಸಿನಲ್ಲಿ ಇರಬಲ್ಲದು. ಜಮೈಕಾದ್ವೀಪದ ಮೇರಿ ಸೀಕೋಲ್ ಎಂಬ ಮಹಿಳೆ ತಾಯಿಯಿಂದ ನಾಟಿವೈದ್ಯವನ್ನು ಕಲಿತವಳು. ಕಾಲರಾ ರೋಗಿಗಳ ನಡುವೆ ದುಡಿದು ಅನುಭವ ಪಡೆದವಳು. ಅದೇ 1854ರಲ್ಲಿ ಆಕೆ ಲಂಡನ್ನಿಗೆ ಬಂದು ಯುದ್ಧಭೂಮಿಗೆ ತನ್ನನ್ನೂ ಕಳಿಸಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದಳು. ಎಲ್ಲ ಕಡೆಯೂ ನಿರಾಕರಣೆಯೇ. ತನ್ನ ಮೈಬಣ್ಣವೇ ಇದಕ್ಕೆ ಕಾರಣವಿರಬಹುದೇ ಎಂಬ ನೋವು ಆಕೆಯನ್ನು ಕಾಡಿತು. ಆಕೆ ಊರಿಗೆ ಮರಳಲಿಲ್ಲ. ತನ್ನ ಸ್ವಂತ ಹಣದಿಂದ ಕ್ರಿಮಿಯಾಕ್ಕೆ ಹೋಗಿ, ಬಾಲಕ್ಲಾವಾದ ಬಳಿ ಒಂದು ವಸತಿಗೃಹವನ್ನು ಕಟ್ಟಿ, ಸೈನಿಕರಿಗೆ ಅನ್ನ ಔಷಧಗಳನ್ನು ಒದಗಿಸಿದಳು. ರಣರಂಗದಲ್ಲಿಯೇ ಗಾಯಾಳುಗಳನ್ನು ಆರೈಕೆ ಮಾಡಿದಳು. 2016ರಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದುದು ಎಲ್ಲಿ ಎಂದು ಬಲ್ಲಿರಾ? ನೈಟಿಂಗೇಲರ ಶಾಲೆ ಹುಟ್ಟಿದ ಅದೇ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ! ಸಂದರ್ಶನದಲ್ಲಿ ತಿರಸ್ಕೃತರಾಗಿ ಬಂದ ಮಕ್ಕಳಿಗೆ ಈ ವೃತ್ತಾಂತವನ್ನು ಹೇಳಿರಿ. ಆರಿಸುವ ಅಧಿಕಾರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ತಮಗೂ ಹೇಳಿಕೊಳ್ಳಲಿ. ಮೇಜಿನ ಈಚೆ ಇರುವವನಂತೆ ಮೇಜಿನ ಆಚೆ ಇರುವವನೂ ಪರೀಕ್ಷೆಗೆ ಒಳಗಾಗಿರುತ್ತಾನೆ; ಅವನ ಫಲಿತಾಂಶ ತಡವಾಗಿ ಬರುತ್ತದೆ, ಅಷ್ಟೆ.

ನಮ್ಮ ಭೀಮಾತೀರದ ಕಥೆಗೆ ಮರಳೋಣ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಹೈದರಾಬಾದಿನಲ್ಲಿ 1846ರಲ್ಲಿಯೇ ವೈದ್ಯಶಾಲೆ ಆರಂಭವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನಾಮಾಧ್ಯಮವಾಗಿ ಹೊಂದಿತ್ತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ನೀಡಿದ ಆ ಪ್ರಯತ್ನ ಶ್ಲಾಘ್ಯವೇ. ಆದರೆ ಅಫಜಲಪುರದ ಕನ್ನಡ ರೈತನ ಮಗನಿಗೆ ಅದೂ ಪರಭಾಷೆಯೇ. ರೋಗಿಗೆ ಕಚೇರಿಯ ಮಾತು ತಿಳಿಯದು, ಕಚೇರಿಗೆ ರೋಗಿಯ ಮಾತು ಬೇಡ. ಆಸ್ಪತ್ರೆಗೆ ಇಂದಿಗೂ ನಮ್ಮ ಹಳ್ಳಿಗರು ದವಾಖಾನೆ ಎನ್ನುವುದು ಆ ಕಾಲದ ಗುರುತು.

ಬ್ರಿಟಿಷ್ ಇಂಡಿಯಾದ ಸ್ಥಿತಿಯೂ ಉತ್ತಮವಾಗಿರಲಿಲ್ಲ. 1943ರಲ್ಲಿ ನೇಮಕಗೊಂಡ ಭೋರ್ ಸಮಿತಿ 1946ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ ದಾದಿಯರ ಸಂಖ್ಯೆ ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬಳು. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. 1956ರಲ್ಲಿ ಕಲಬುರಗಿ ಜಿಲ್ಲೆ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ದಾದಿಯರ ನೋಂದಣಿಗಾಗಿ ನಮ್ಮ ರಾಜ್ಯ 1961ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಹೈದರಾಬಾದಿಗೋ ಬೊಂಬಾಯಿಗೋ ಹೋಗಬೇಕಾಗಿದ್ದ ವಿದ್ಯೆ ಮನೆಬಾಗಿಲಿಗೆ ಬಂದಿತು. ಅನಂತರ ಸರಕಾರಿ ವೈದ್ಯವಿಜ್ಞಾನ ಸಂಸ್ಥೆಯೂ ಕಾರ್ಮಿಕರ ರಾಜ್ಯವಿಮಾ ನಿಗಮದ ಕಾಲೇಜು ಆಸ್ಪತ್ರೆಗಳೂ ಬಂದವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯು ಈ ಪ್ರದೇಶದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಸರಕಾರಿ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಒದಗಿಸಿತು. ಬಾಗಿಲು ತೆರೆದಿದೆ ಎಂಬುದು ನಿಜ. ಒಳಗೆ ಹೋಗಿ ನಿಲ್ಲುವ ಯೋಗ್ಯತೆಯನ್ನು ನಾವೇ ಸಂಪಾದಿಸಬೇಕು.

ಈ ಚರಿತ್ರೆಯಿಂದ ಹೊಸಬರು ಕಲಿಯಬೇಕಾದುದೇನು? ಮೊದಲು ಸಂದರ್ಶನದ ಮಾತು. ಸರಕಾರದ ಕಾಯಂ ಹುದ್ದೆಗಳಲ್ಲಿ ಹಲವು ಅಂಕಗಳ ಮೇಲೆ ತುಂಬುವಂಥವು. ಗುತ್ತಿಗೆಯ ಹುದ್ದೆಗಳಿಗೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ ನೇರ ಸಂದರ್ಶನ ನಡೆಯುವುದು ರೂಢಿ. ಅಂಕಪಟ್ಟಿ, ತರಬೇತಿಯ ಪ್ರಮಾಣಪತ್ರ, ಶುಶ್ರೂಷಾ ಪರಿಷತ್ತಿನ ನೋಂದಣಿಪತ್ರ, ಮೀಸಲಾತಿಗೆ ಸಂಬಂಧಿಸಿದ ಪತ್ರ ಇವುಗಳ ಮೂಲಪ್ರತಿ ಮತ್ತು ನಕಲುಗಳನ್ನು ಹಿಂದಿನ ದಿನವೇ ಕ್ರಮವಾಗಿ ಜೋಡಿಸಿಡಬೇಕು. ನೋಂದಣಿಯೆಂಬುದು ಬರಿಯ ಕಾಗದವಲ್ಲ. ಯಾರು ಬೇಕಾದರೂ ದಾದಿಯೆಂದು ಹೇಳಿಕೊಳ್ಳಬಹುದಾಗಿದ್ದ ಕಾಲದಿಂದ ರೋಗಿಯನ್ನು ಪಾರುಮಾಡಿದ ಬೇಲಿ ಅದು. ಅವಧಿ ಮುಗಿದಿದ್ದರೆ ನವೀಕರಿಸಿಕೊಂಡೇ ಹೋಗಬೇಕು. ಹಣ ಕೊಟ್ಟರೆ ಕೆಲಸ ಕೊಡಿಸುವೆನೆಂಬ ದಲ್ಲಾಳಿಯನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಬೇಕು.

ಭೀಮೆ ತುಂಬಿ ಹರಿದಾಗ ಘತ್ತರಗಿಯ ಸೇತುವೆಯ ಮೇಲೆ ನೀರು ಬಂದು ಸಂಚಾರ ನಿಲ್ಲುವುದುಂಟು. ಮಳೆಗಾಲದ ಸಂದರ್ಶನವಾದರೆ ಹಿಂದಿನ ದಿನವೇ ಊರು ಬಿಟ್ಟು ಬಂಧುಗಳ ಮನೆಯಲ್ಲಿಯೋ ಮಠದಲ್ಲಿಯೋ ತಂಗುವುದು ವಿವೇಕ. ಹೊತ್ತಿಗೆ ಸರಿಯಾಗಿ ಬರುವವಳು ಹೊತ್ತಿಗೆ ಸರಿಯಾಗಿ ಔಷಧ ಕೊಡುತ್ತಾಳೆ ಎಂದು ನೈಟಿಂಗೇಲರ ಪತ್ರಿಕೆಯಂತೆಯೇ ಇಂದಿನ ಮಂಡಳಿಯೂ ಎಣಿಸುತ್ತದೆ. ಉಡುಗೆ ಮಡಿಯಾಗಿರಲಿ, ಸರಳವಾಗಿರಲಿ. ಉಗುರು ಕತ್ತರಿಸಿರಲಿ, ಅನುಭವಿಯಾದ ಮೇಟ್ರನ್ ಮುಖಕ್ಕಿಂತ ಮೊದಲು ಕೈಗಳನ್ನು ನೋಡುತ್ತಾಳೆ. ಒಳಗೆ ಹೋಗುವಾಗ ಅಪ್ಪಣೆ ಕೇಳಿ, ನಮಸ್ಕರಿಸಿ, ಕುಳಿತುಕೊಳ್ಳಲು ಹೇಳಿದ ಮೇಲೆ ಕುಳಿತುಕೊಳ್ಳಬೇಕು. ಸಂಚಾರಿ ದೂರವಾಣಿಯ ಬಾಯಿ ಕಟ್ಟಿರಬೇಕು.

ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಬೇಕು. ಇದನ್ನು ನಾವು ಒತ್ತಿ ಹೇಳುತ್ತೇವೆ. ಶಾಲೆಯ ಪರೀಕ್ಷೆಯಲ್ಲಿ ಊಹಿಸಿ ಬರೆದರೆ ಒಂದು ಅಂಕ ಸಿಕ್ಕೀತು. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವನ್ನು ಊಹಿಸಿದರೆ ಒಂದು ಪ್ರಾಣ ಹೋದೀತು. ಆದುದರಿಂದ ವೈದ್ಯರ ಚೀಟಿಯ ಬರಹ ಓದಲು ಬಾರದಿದ್ದರೆ ಏನು ಮಾಡುವೆ ಎಂದು ಕೇಳಿದಾಗ, ಅವರನ್ನೇ ಮತ್ತೆ ಕೇಳಿ ತಿಳಿದುಕೊಂಡು, ಬರೆದುಕೊಂಡು, ಆಮೇಲೆ ಕೊಡುವೆನೆಂದು ಹೇಳುವವಳೇ ಯೋಗ್ಯಳು. ವೈದ್ಯನ ಮಾತು ನಡೆಸಬೇಕೆಂದ ಸುಶ್ರುತರೇ ಅದಕ್ಕೆ ಮುಂಚೆ ರೋಗಿಯ ರಕ್ಷಣೆಯನ್ನು ಹೇಳಿದ್ದಾರೆ. ಆಜ್ಞೆ ಅಸ್ಪಷ್ಟವಾದಾಗ ವಿನಯದಿಂದ ಪ್ರಶ್ನಿಸುವುದು ಅವಿಧೇಯತೆಯಾಗದು.

ಇನ್ನು ಭಾಷೆಯ ಅಳುಕು. ಆಂಗ್ಲ ಪದಗಳಲ್ಲಿ ವ್ಯವಹರಿಸುವಷ್ಟು ಅಭ್ಯಾಸವನ್ನು ಅಗತ್ಯವಾಗಿ ಮಾಡಿಕೊಳ್ಳಬೇಕು. ಔಷಧದ ಹೆಸರುಗಳೂ ದಾಖಲೆಗಳೂ ಆ ಭಾಷೆಯಲ್ಲಿವೆ. ಆದರೆ ತಾಯ್ನುಡಿಯನ್ನು ಹೊರೆಯೆಂದು ಬಗೆಯಬಾರದು. ಎದೆಯಲ್ಲಿ ಚಳಕು ಹೊಡೆಯುತ್ತದೆ, ಚಕ್ಕರ ಬರುತ್ತದೆ, ಜೀವ ಕಸಿವಿಸಿಯಾಗುತ್ತದೆ ಎಂದು ನಮ್ಮ ಕಡೆಯ ಮುತ್ಯಾ ಹೇಳಿದರೆ ದೂರದಿಂದ ಬಂದ ವೈದ್ಯರಿಗೆ ತಿಳಿಯದು. ಅದನ್ನು ಕೂಡಲೇ ಅರಿತು, ತಡಮಾಡದೆ ವೈದ್ಯರಿಗೆ ಸರಿಯಾಗಿ ತಿಳಿಸಬಲ್ಲವಳು ಭೀಮಾತೀರದ ಹುಡುಗಿಯೇ. ಕನ್ನಡ, ಉರ್ದು, ಮರಾಠಿ ಮೂರನ್ನೂ ಬಲ್ಲೆನೆಂದು ಸಂದರ್ಶನದಲ್ಲಿ ಹೇಳಲು ಅವಳು ಸಂಕೋಚಪಡಬೇಕಾಗಿಲ್ಲ. ಪರಭಾಷೆಯ ಕಚೇರಿಯ ಮುಂದೆ ಮೂಕರಾಗಿ ನಿಂತ ಅವಳ ಅಜ್ಜಅಜ್ಜಿಯರಿಗೆ ಒದಗದ ನೆರವೇ ಅವಳಾಗಿದ್ದಾಳೆ.

ಕೆಲಸ ದೊರೆತ ಮೇಲಿನ ಆಚಾರ ಇನ್ನೂ ಮುಖ್ಯ. ಅದರಲ್ಲಿ ಮೊದಲನೆಯದು ಕೈ ತೊಳೆಯುವುದು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಊಹಿಸಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಏಪ್ರಿಲ್ ತಿಂಗಳಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಬೇಸಗೆ ಕಳೆಯುವುದರೊಳಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡವರ ಕೈಯನ್ನು ಮಲಿನವೆಂದ ತಪ್ಪಿಗೆ ಆ ಮಹನೀಯರು ಬಹುಕಾಲ ತಿರಸ್ಕಾರವನ್ನು ಉಂಡರು. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುನ್ನ ಕೈ ತೊಳೆಯುವಾಗಲೆಲ್ಲ ಹೊಸಬರು ಆ ಬಾಣಂತಿಯರನ್ನು ನೆನೆಯಲಿ.

ಎರಡನೆಯದು ಮಾತು. ರೋಗಿಗೆ ಹೆಸರಿದೆ, ಹಾಸಿಗೆಯ ಸಂಖ್ಯೆಯಿಂದ ಕರೆಯಬಾರದು. ಹಿರಿಯರನ್ನು ಮುತ್ಯಾ, ಆಯಿ, ಕಾಕಾ ಎಂದೂ, ಸಮವಯಸ್ಕರನ್ನು ಅಕ್ಕಾ, ಅಣ್ಣಾ ಎಂದೂ, ಕೊನೆಗೆ ಒಂದು ‘ರೀ’ ಸೇರಿಸಿ ಕರೆಯುವುದು ನಮ್ಮ ಸೀಮೆಯ ಸಂಸ್ಕಾರ. ಆ ಒಂದಕ್ಷರವೂ ಇಲ್ಲದ ಒರಟು ಮಾತಿನಿಂದ ನೊಂದು ಚಿಕಿತ್ಸೆಯನ್ನೇ ಬಿಟ್ಟು ಹೋದ ಬಡವರುಂಟು. ಮೂರನೆಯದು ಗುಟ್ಟು. ರೋಗಿಯ ಕಾಯಿಲೆಯ ವಿಷಯವನ್ನು ಊರ ಕಟ್ಟೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಸಂಚಾರಿ ದೂರವಾಣಿಯ ಚಿತ್ರಗಳಲ್ಲಾಗಲಿ ಹೊರಗೆಡಹಬಾರದು. ಊರಿನ ಹುಡುಗಿಗೆ ಈ ಸಂಯಮ ಇನ್ನೂ ಕಠಿಣ. ಅವಳು ಉಪಚರಿಸುವವರು ಅವಳ ನೆರೆಯವರೇ. ಎಚ್‌ಐವಿ ಪೀಡಿತರ ವಿಷಯದಲ್ಲಂತೂ 2017ರ ಕಾಯಿದೆ ಈ ಗುಟ್ಟಿನ ಪಾಲನೆಯನ್ನು ಕಾನೂನಿನ ಕಟ್ಟಳೆಯಾಗಿಯೇ ವಿಧಿಸಿದೆ.

ನಾಲ್ಕನೆಯದು ಬರವಣಿಗೆ. ಮಾಡಿದ್ದನ್ನು ಮಾಡಿದ ಹೊತ್ತಿಗೇ ಬರೆಯಬೇಕು, ಮಾಡದ್ದನ್ನು ಬರೆಯಬಾರದು. ಪಾಳಿ ಬದಲಾಗುವಾಗ ಮುಂದಿನವರಿಗೆ ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಹೇಳಿಯೇ ಮನೆಗೆ ಹೊರಡಬೇಕು. ಐದನೆಯದು ಕೈಯ ಶುದ್ಧಿಯ ಇನ್ನೊಂದು ಅರ್ಥ. ಗಂಡುಮಗು ಹುಟ್ಟಿದರೆ ಇಷ್ಟು, ಹೆಣ್ಣುಮಗು ಹುಟ್ಟಿದರೆ ಇಷ್ಟು ಎಂದು ಖುಷಿಯ ಹೆಸರಿನಲ್ಲಿ ಹಣ ಕೀಳುವ ಕೆಟ್ಟ ರೂಢಿ ಅಲ್ಲಲ್ಲಿ ಕೇಳಿಬರುತ್ತದೆ. ನೀರು ಸಾಬೂನುಗಳು ಆ ಕೊಳೆಯನ್ನು ತೆಗೆಯಲಾರವು. ಹಿರಿಯ ಸಹೋದ್ಯೋಗಿ ಅದರಲ್ಲಿ ಪಾಲು ಕೊಡಲು ಬಂದರೆ ಹೊಸಬಳು ಮೊದಲ ದಿನವೇ ಬೇಡವೆನ್ನಬೇಕು. ಎರಡನೆಯ ದಿನ ಬೇಡವೆನ್ನುವುದು ಕಷ್ಟ.

ಆಚಾರವೆಂದರೆ ಎಲ್ಲವನ್ನೂ ಸಹಿಸುವುದೆಂದು ಯಾರೂ ತಿಳಿಯಬಾರದು. ಉತ್ತರ ಕನ್ನಡದ ಹಳದೀಪುರದ ಮಗಳು ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಸಿಬ್ಬಂದಿಯೊಬ್ಬನ ಕ್ರೂರ ದಾಳಿಗೆ ತುತ್ತಾಗಿ, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಹಾಸಿಗೆಯಲ್ಲಿಯೇ ಉಳಿದರು. ಆ ನಾಲ್ವತ್ತೊಂದು ವರ್ಷಗಳಿಗೂ ಮೀರಿದ ಕಾಲದಲ್ಲಿ ಆಸ್ಪತ್ರೆಯ ದಾದಿಯರು, ತಲೆಮಾರಿನ ಮೇಲೆ ತಲೆಮಾರು, ಆಕೆಯನ್ನು ತಮ್ಮ ಮನೆಯವಳೆಂಬಂತೆ ಉಪಚರಿಸಿದರು. 2011ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಸೇವೆಯನ್ನು ಮನಸಾರೆ ಮೆಚ್ಚಿತು. ಚರಕರು ಅನುರಾಗವೆಂದುದು ಇದನ್ನೇ. ಆದರೆ ಆ ಅನುರಾಗವನ್ನು ಕೊಂಡಾಡಿ, ಆಕೆಗೆ ಕೆಲಸದ ಸ್ಥಳದಲ್ಲಿ ರಕ್ಷಣೆಯಿರಲಿಲ್ಲವೆಂಬುದನ್ನು ಮರೆಯುವುದು ಅನ್ಯಾಯ. ಇಂದು ಹತ್ತು ಜನ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಮಹಿಳೆಯರ ದೂರುಗಳಿಗಾಗಿ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸುತ್ತದೆ. ವೈದ್ಯಸೇವೆಯವರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಕಾಯಿದೆಯಿದೆ. ರಾತ್ರಿಪಾಳಿಯ ವ್ಯವಸ್ಥೆ ಹೇಗೆ, ವಸತಿ ಎಲ್ಲಿ, ದೂರಿನ ಸಮಿತಿ ಯಾವುದು ಎಂದು ಸಂದರ್ಶನದ ಕೊನೆಗೆ ಹೊಸಬಳು ಕೇಳಿದರೆ ಅದು ಉದ್ಧಟತನವಲ್ಲ. ತನ್ನ ರಕ್ಷಣೆಯನ್ನು ಅರಿಯದವಳು ರೋಗಿಯನ್ನು ಹೇಗೆ ರಕ್ಷಿಸಿಯಾಳು?

ಈ ವೃತ್ತಿಯ ಬೆಲೆ ನಮ್ಮ ಜಿಲ್ಲೆಗೆ ಮತ್ತೊಮ್ಮೆ ತಿಳಿದದ್ದು 2020ರಲ್ಲಿ. ಭಾರತದಲ್ಲಿ ಕೋವಿಡ್ ರೋಗದ ಮೊದಲ ಸಾವೆಂದು ದಾಖಲಾದುದು ಆ ವರ್ಷದ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು. ದೇಶವೆಲ್ಲ ನಮ್ಮ ಊರಿನ ಹೆಸರು ಕೇಳಿ ನಡುಗಿತು. ಬಂಧುಗಳೇ ಬಳಿಗೆ ಬರಲು ಹೆದರಿದ ಆ ದಿನಗಳಲ್ಲಿ ರೋಗಿಯ ಬಾಯಿಗೆ ನೀರು ಹನಿಸಿದವರು ವಾರ್ಡಿನ ದಾದಿಯರು. ಬಿಸಿಲಿನಲ್ಲಿ ಮನೆಮನೆಗೆ ತಿರುಗಿ ಜ್ವರ ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿದಾಗ ಆ ಗೌರವದಲ್ಲಿ ಭೀಮಾತೀರದ ಹಳ್ಳಿಗಳ ಹೆಣ್ಣುಮಕ್ಕಳಿಗೂ ಪಾಲಿತ್ತು.

ವಾಚಕ ಮಹಾಶಯರೇ, ಕೊನೆಯದಾಗಿ ನಿಮ್ಮಲ್ಲಿ ನಮ್ಮ ಎರಡು ಕೋರಿಕೆಗಳು. ಶುಶ್ರೂಷೆ ಕಲಿತ ಸೊಸೆಯನ್ನು ತರಲು ಹಿಂದೆಮುಂದೆ ನೋಡುವ, ರಾತ್ರಿಪಾಳಿಯ ಮಗಳ ನಡತೆಯನ್ನು ಸಂಶಯಿಸುವ ಮನೆಗಳು ಇನ್ನೂ ಉಳಿದಿವೆ. ತಾವು ಹಾಸಿಗೆ ಹಿಡಿದ ದಿನ ಯಾರ ಕೈಯನ್ನು ಹುಡುಕುವೆವೆಂದು ಆ ಮನೆಯ ಯಜಮಾನರು ಯೋಚಿಸಲಿ. ಎರಡನೆಯದು, ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳು ವರ್ಷದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ತಮ್ಮ ಊರಿನ ಮಠದಲ್ಲಿಯೋ ಶಾಲೆಯಲ್ಲಿಯೋ ಕುಳಿತು ಈ ಮಕ್ಕಳಿಗೆ ಸಂದರ್ಶನದ ಅಭ್ಯಾಸ ಮಾಡಿಸಲಿ. ಹೇಗೆ ಕುಳಿತುಕೊಳ್ಳಬೇಕು, ಹೇಗೆ ಕೇಳಿಸಿಕೊಳ್ಳಬೇಕು, ತಿಳಿಯದ್ದನ್ನು ಹೇಗೆ ತಿಳಿಯದೆನ್ನಬೇಕು ಎಂಬುದನ್ನು ಒಮ್ಮ ಮಾಡಿ ತೋರಿಸಿದರೆ ಸಾಕು, ಮಿಕ್ಕುದನ್ನು ಅವರ ಬುದ್ಧಿಯೇ ನಡೆಸುತ್ತದೆ. ದೊಡ್ಡ ದೇಣಿಗೆಗಿಂತ ಈ ಎರಡು ದಿನಗಳ ದಾಸೋಹ ಹೆಚ್ಚು ಫಲ ಕೊಟ್ಟೀತು.

ರೋಗಿಯ ಮಗ್ಗುಲಲ್ಲಿ ನಿಲ್ಲಲು ಹೊರಟಿರುವ ಎಲ್ಲ ಮಕ್ಕಳಿಗೂ ಶುಭವಾಗಲಿ. ಅವರ ಕೈಗೆ ಗುಣ ಬರಲಿ.